ಆಯುಧಪೂಜೆಗೆ ಕೂತ ಹಾಳೆ

ಉಮಾಶ್ರೀ ತಲೆಸ್ನಾನ ಮುಗಿಸಿ ಟವೆಲ್ಲು ಸುತ್ತಿಕೊಂಡು ಹೊರಬರುವಷ್ಟರಲ್ಲಿ ಮನೆಯ ಅರ್ಧ ಸಾಮಾನು ದೇವರ ಮುಂದೆ ಹೋಗಿ ಕೂತಿತ್ತು. ಎರಡು ಲ್ಯಾಪ್‌ಟಾಪು, ಒಂದು ಕಾರಿನ ಕೀಲಿ, ಚಾಕು, ಕತ್ತರಿ, ಕ್ಯಾರೆಟ್ ತುರಿಯುವ ಮಣೆ, ಗಂಡ ಶಿವಶರಣನ ಸ್ಕ್ರೂಡ್ರೈವರ್ ಡಬ್ಬಿ, ಸಾಲದ್ದಕ್ಕೆ ಗೋಡೆಯಿಂದ ಕಿತ್ತು ತಂದ ಇಂಟರ್‌ನೆಟ್ಟಿನ ಡಬ್ಬಿ. ಎಲ್ಲದಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಒಂದೊಂದು ಕುಂಕುಮದ ಬೊಟ್ಟು, ಮೇಲೊಂದು ಸೇವಂತಿಗೆ. ಅತ್ತೆ ನಾಗವ್ವ ಬಾಗಲಕೋಟೆಯಿಂದ ಬಂದು ಎರಡು ತಿಂಗಳೂ ಆಗಿರಲಿಲ್ಲ. ಅಮೆರಿಕದ ಸ್ಯಾನ್ ಹೊಸೆಯ ಎವರ್‌ಗ್ರೀನ್ ಬಡಾವಣೆಯ ಈ ಮನೆಯಲ್ಲಿ ಆಯುಧಪೂಜೆ ಇಷ್ಟು ಕಟ್ಟುನಿಟ್ಟಾಗಿ ನಡೆದದ್ದು ಇದೇ ಮೊದಲು. ಉಮಾಶ್ರೀ ನಗುತ್ತಲೇ ರಾಶಿಯ ಮೇಲೆ ಕಣ್ಣಾಡಿಸಿದಳು. ತನ್ನ ಚಿತ್ರ ಬಿಡಿಸುವ ಪೆನ್ನು, ತನ್ನ ಬ್ರಶ್ಶುಗಳು, ಅವುಗಳ ಅಡಿಯಲ್ಲಿ ದಾರ ಸುತ್ತಿದ ಕಂದು ಬಣ್ಣದ ಒಂದು ದೊಡ್ಡ ಲಕೋಟೆ. ಲಕೋಟೆಯ ನಟ್ಟನಡುವೆ ಕುಂಕುಮ.

ಈಗಷ್ಟೇ ಬಿಸಿನೀರು ಹುಯ್ದುಕೊಂಡ ಮೈ ಕಾಲಿನಿಂದ ಮೇಲಕ್ಕೆ ತಣ್ಣಗಾಗುತ್ತ ಬಂತು.

ಲಕೋಟೆಯಲ್ಲಿ ಏನಿತ್ತೆಂದು ಹೇಳದಿದ್ದರೆ ಅವಳ ಹೆದರಿಕೆ ಯಾರಿಗೂ ಅರ್ಥವಾಗುವುದಿಲ್ಲ. ಅದರಲ್ಲಿದ್ದದ್ದು ಒಂದೇ ಒಂದು ಹಾಳೆ. ಜಪಾನಿನ ಒಕುದೈರಾ ಕಿನು ಎಂಬ ಹೆಂಗಸು ಅರವತ್ತು ವರ್ಷಗಳ ಹಿಂದೆ ತಮ್ಮ ಕೈಯಾರೆ ಬಿಡಿಸಿದ ಚಿತ್ರಕಥೆಯ ಹಾಳೆ, ಅಲ್ಲಿಯವರು ಮಾಂಗಾ ಎನ್ನುತ್ತಾರಲ್ಲ, ಅದು. ಕಿನು ಅವರಿಗೆ ಈಗ ಎಂಬತ್ತೆರಡು. ಒಸಾಕಾದಲ್ಲಿ ಬಾಡಿಗೆಗೆ ಓದಲು ಕೊಡುತ್ತಿದ್ದ ಅಗ್ಗದ ಪುಸ್ತಕಗಳಿಗೆ ಚಿತ್ರ ಬಿಡಿಸಲು ಕೂತಾಗ ಹದಿನೇಳು. ಆ ಕಾಲದ ಮಾಂಗಾದಲ್ಲಿ ಪುಟಪುಟಕ್ಕೂ ಹೊಡೆದಾಟ, ಓಟ, ಗುಂಡಿನ ಸದ್ದು. ಈ ಹುಡುಗಿ ಮಾತ್ರ ಮನುಷ್ಯರು ಅಲುಗುವುದಕ್ಕೆ ಮುಂಚಿನ ಗಳಿಗೆಯನ್ನು ಬಿಡಿಸುತ್ತ ಕೂತರು. ಮೊದಲು ಪರದೆ ಅಲುಗುತ್ತದೆ, ಆಮೇಲೆ ಕೂದಲು, ಎಲ್ಲಕ್ಕಿಂತ ಕೊನೆಗೆ ಮನುಷ್ಯ. ಇದರಲ್ಲಿ ಏನೂ ಆಗುವುದೇ ಇಲ್ಲವಲ್ಲ ಎಂದು ಸಂಪಾದಕರು ಹಾಳೆಗಳನ್ನು ವಾಪಸು ಕೊಡುತ್ತಿದ್ದರು. ಹತ್ತು ವರ್ಷ ಕಳೆಯಿತು. ಟಿ.ವಿ.ಗೆ ವಾರ ವಾರ ಅನಿಮೇಶನ್ ಮಾಡಿ ಮಾಡಿ ಸುಸ್ತಾಗಿದ್ದ ಅಲ್ಲಿಯ ಕಲಾವಿದರಿಗೆ, ಚಿತ್ರವನ್ನು ಅಲುಗಿಸದೆಯೇ ನೋಡುವವರ ಉಸಿರು ಹಿಡಿದಿಡುವುದು ಹೇಗೆಂದು ಕಲಿಸಿದ್ದು ಇದೇ ತಿರಸ್ಕೃತ ಹುಡುಗಿಯ ಪುಟಗಳು. ಅಲ್ಲಿಂದ ಆ ವಿದ್ಯೆ ಸಮುದ್ರ ದಾಟಿ ಇಲ್ಲಿಗೂ ಬಂತು. ಕಿನು ಅವರು ಜೀವಮಾನದಲ್ಲಿ ಒಂದು ನಿಮಿಷದ ಅನಿಮೇಶನ್ನೂ ಮಾಡಿದವರಲ್ಲ. ಆದರೆ ಅನಿಮೇಶನ್ ಮಾಡುವವರು ಗೋಡೆಗೆ ಅಂಟಿಸಿಕೊಂಡಿರುವುದು ಅವರ ಪುಟಗಳನ್ನೇ.

ಉಮಾಶ್ರೀ ಈ ಕಿನು ಅವರ ಬಲೆಗೆ ಬಿದ್ದದ್ದು ಹತ್ತನೆಯ ವಯಸ್ಸಿನಲ್ಲಿ, ಬಾಗಲಕೋಟೆಯ ತನ್ನ ತವರುಮನೆಯ ಟಿ.ವಿ. ಮುಂದೆ. ಹಿಂದಿಗೆ ಡಬ್ ಆದ ಯಾವುದೋ ಜಪಾನಿ ಧಾರಾವಾಹಿಯಲ್ಲಿ ಹುಡುಗಿಯೊಬ್ಬಳು ಸೇತುವೆಯ ಮೇಲೆ ಸುಮ್ಮನೆ ನಿಂತುಬಿಟ್ಟಿದ್ದಳು. ಟಿ.ವಿ. ಕೆಟ್ಟಿತೆಂದು ಅಪ್ಪ ಎದ್ದು ಹೋಗಿ ಅದರ ತಲೆಗೆ ಎರಡು ತಟ್ಟಿದ್ದ. ಅಷ್ಟರಲ್ಲಿ ದೂರದ ಹಗ್ಗದಲ್ಲಿ ಒಣಗಲು ಹಾಕಿದ ಅಂಗಿಯೊಂದು ಅಲುಗಿತು. ಆ ಅಂಗಿ ಅಲುಗಿದ್ದಕ್ಕೆ ಉಮಾಶ್ರೀಗೆ ಯಾಕೋ ಅಳು ಬಂದಿತ್ತು. ಈಗ ಮೂವತ್ನಾಲ್ಕರಲ್ಲಿ ಅವಳು ಬರ್ಕ್ಲಿಯ ಒಂದು ಸಣ್ಣ ಅನಿಮೇಶನ್ ಸ್ಟುಡಿಯೊದಲ್ಲಿದ್ದಳು. ಮೂರು ವರ್ಷಗಳಿಂದ ಅಲ್ಲಿ ಕಿನು ಅವರ ಮೇಲೆಯೇ ಒಂದು ಚಿತ್ರ ತಯಾರಾಗುತ್ತಿತ್ತು. ಜುಲೈನಲ್ಲಿ ಹನ್ನೊಂದು ಜನರನ್ನು ಕೆಲಸದಿಂದ ತೆಗೆದಿದ್ದರು. ಉಳಿದವರು ಈ ಚಿತ್ರವನ್ನು ನೆಚ್ಚಿಕೊಂಡೇ ಜೀವ ಹಿಡಿದುಕೊಂಡಿದ್ದರು.

ಚಿತ್ರಕ್ಕಾಗಿ ಕಿನು ಅವರೇ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿದಿದ್ದರು. ಶನಿವಾರ ಹೋಟೆಲಿನಲ್ಲಿ ಅವರು ಈ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಉಮಾಶ್ರೀಯ ಕೈಗಿತ್ತರು. ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದವಳು ಜೊತೆಯಲ್ಲಿ ಬಂದಿದ್ದ ಅವರ ಅಣ್ಣನ ಮಗಳು. ಸಂಪಾದಕರು ಬೇಡವೆಂದು ಮುಖದ ಮೇಲೆ ಎಸೆದ ಹಾಳೆ ಇದು, ಎಲ್ಲಿಯೂ ಅಚ್ಚಾಗಿಲ್ಲ, ಸ್ಕ್ಯಾನ್ ಮಾಡುವ ಯಾವ ಯಂತ್ರವೂ ಇದನ್ನು ನೋಡಿಲ್ಲ. ಮೊದಲು ನೀನೊಬ್ಬಳೇ ನೋಡು, ಸೋಮವಾರ ನಾನು ಬಂದಮೇಲೆ ಯಂತ್ರಕ್ಕೆ ಕೊಡೋಣ. ಫೋಟೊ ಬೇಡ, ನಕಲು ಬೇಡ.

ಬೇರೆ ಯಾರಾದರೂ ಆಗಿದ್ದರೆ ಪಾರ್ಕಿಂಗಿನಲ್ಲೇ, ಕಾರಿನೊಳಗೆ ಕೂತು ಲಕೋಟೆ ಬಿಚ್ಚಿಬಿಡುತ್ತಿದ್ದರು. ನಮ್ಮ ಉಮಾಶ್ರೀ ಹಾಗೆ ಮಾಡಲಿಲ್ಲ. ದೇವರು ದಿಂಡರೆಂದರೆ ಅಷ್ಟಕ್ಕಷ್ಟೇ ಆಗಿದ್ದ ಈ ಮಹಾತಾಯಿಗೆ, ಇದನ್ನು ಮಾತ್ರ ಹಾಗೆ ನೋಡಬಾರದು, ನಾಳೆ ತಲೆಗೆ ನೀರು ಹಾಕಿಕೊಂಡು, ಖಾಲಿ ಹೊಟ್ಟೆಯಲ್ಲಿ, ಶಾಂತವಾಗಿ ಕೂತು ನೋಡಬೇಕು ಅನ್ನಿಸಿತು. ಹಾಗೆಂದು ಬಿಚ್ಚದೆಯೇ ತಂದು ಕೆಲಸದ ಮೇಜಿನ ಮೇಲಿಟ್ಟಳು. ಮರುದಿನ ಭಾನುವಾರ, ಇಲ್ಲಿಯ ಪಂಚಾಂಗಕ್ಕೆ ಅಂದೇ ನವಮಿ.

ಅವಳು ರಾಶಿಯಡಿಯಿಂದ ಲಕೋಟೆ ಎಳೆದಾಗ ಬ್ರಶ್ಶುಗಳು ಉರುಳಿದವು, ಸೇವಂತಿಗೆ ಹೂ ಕೆಳಗೆ ಬಿತ್ತು. ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದ ನಾಗವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಯವ್ವಾ, ತಗೀಬ್ಯಾಡ. ಪೂಜಿಗೆ ಇಟ್ಟಿದ್ದನ್ನ ನಾಳೆ ಬನ್ನಿ ಮುಡಿಯೂತನಕ ಕದಲಸಬಾರದು."

ಉಮಾಶ್ರೀ ಲಕೋಟೆಯೊಂದಿಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ದಾರ ಬಿಚ್ಚತೊಡಗಿದಳು. ದಾರ ನಿನ್ನೆಯೂ ಹೀಗೇ ಸುತ್ತಿತ್ತೋ, ಯಾರಾದರೂ ಬಿಚ್ಚಿ ಮತ್ತೆ ಸುತ್ತಿದ್ದರೋ? ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಮೊದಲು ಒಂದು ಸಣ್ಣ ಚೀಟಿ ಹೊರಬಂತು, ಅದರ ತುಂಬ ಜಪಾನಿ ಬರಹ. ಹಾಳೆಯನ್ನು ಹೇಗೆ ಹಿಡಿಯಬೇಕೆಂದು ಬರೆದಿರಬೇಕು ಅಂದುಕೊಂಡು ಪಕ್ಕಕ್ಕಿಟ್ಟಳು. ಫೋನು ಹಿಡಿದಿದ್ದರೆ ಅರ್ಧ ನಿಮಿಷದಲ್ಲಿ ಅದು ಇಂಗ್ಲಿಷಾಗುತ್ತಿತ್ತು. ಹೆದರಿದವರಿಗೆ ಅರ್ಧ ನಿಮಿಷವೂ ಇರುವುದಿಲ್ಲ.

ಹಾಳೆ ಹೊರಬಂತು. ಆರು ಚೌಕಗಳು. ಕಿಟಕಿಯ ಪಕ್ಕ ಬೆನ್ನು ತಿರುಗಿಸಿ ಕೂತ ಹುಡುಗಿ, ಇನ್ನೇನು ಈ ಕಡೆ ತಿರುಗುತ್ತಾಳೆ ಅನ್ನುವಾಗ ಆರೂ ಚೌಕ ಮುಗಿದುಹೋಗುತ್ತವೆ, ಅವಳು ತಿರುಗುವುದೇ ಇಲ್ಲ. ಐದನೆಯದರಲ್ಲಿ ಕಿಟಕಿಯ ಪರದೆ ಅಂಗುಲದಷ್ಟು ಉಬ್ಬಿದೆ. ಅಲ್ಲಲ್ಲಿ ತಪ್ಪು ತಿದ್ದಲು ಬಳಿದ ಬಿಳಿ ಬಣ್ಣ ಹಳದಿಗೆ ತಿರುಗಿದೆ. ಇದನ್ನೆಲ್ಲ ಉಮಾಶ್ರೀ ಆಮೇಲೆ ನೋಡಿದ್ದು. ಮೊದಲು ಕಣ್ಣಿಗೆ ಬಿದ್ದದ್ದು ಬಲಗಡೆಯ ಕೆಳಮೂಲೆಯಲ್ಲಿದ್ದ ಕೆಂಪು ಕಲೆ. ಬೆರಳಿನ ಆಕಾರ, ಕುಂಕುಮದ ಕೆಂಪು.

ಅವಳು ಕುರ್ಚಿ ಹಿಡಿದುಕೊಂಡು ನಿಂತಳು. ನಾಳೆ ಹತ್ತು ಗಂಟೆಗೆ ಕಿನು ಅವರು ಬರುತ್ತಾರೆ. ಪಕ್ಕದಲ್ಲಿ ಚಿತ್ರದ ನಿರ್ದೇಶಕಿ ಇರುತ್ತಾಳೆ, ಉಳಿದ ಒಂಬತ್ತು ಜನ ಇರುತ್ತಾರೆ. ಅರವತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ಇವಳ ಮನೆಯಲ್ಲಿ ಒಂದೇ ರಾತ್ರಿ ಇಟ್ಟದ್ದಕ್ಕೆ ಹೀಗಾಯಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಕೆಲಸ ಹೋಗುತ್ತದೆ, ಅದು ಹೋಗಲಿ, ಆ ಮುದುಕಿಯ ಮುಖವನ್ನು ನೋಡುವುದು ಹೇಗೆ?

ಬಾಗಿಲು ತೆರೆದು ನಾಗವ್ವನನ್ನು ಕರೆದು, ಕಲೆ ತೋರಿಸಿ, ಇದು ನೀವು ಹಚ್ಚಿದ್ದೇ ಎಂದು ಕೇಳಿದಳು. ನಾಗವ್ವ ಹೊಸ್ತಿಲಲ್ಲೇ ನಿಂತು, ಪಾಕೀಟಿನ ಮೇಲೆ ಹಚ್ಚಿದ್ದು ಹೌದು, ಒಳಗೆ ಏನಿದೆಯೆಂದು ತಾನು ನೋಡಿಯೇ ಇಲ್ಲ ಅಂದಳು. ಉಮಾಶ್ರೀ ಮತ್ತೆ ಕೇಳಿದಳು. ನಾಗವ್ವ ಮತ್ತೆ ಅದನ್ನೇ ಹೇಳಿದಳು. ಹೋದ ತಿಂಗಳು ಉಮಾಶ್ರೀ ಬಿಡಿಸಿಟ್ಟಿದ್ದ ಚಿತ್ರಗಳ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟು ಎಣ್ಣೆ ಇಳಿಸಿದಾಗಲೂ ನಾಗವ್ವ ಮೊದಲು ತಾನಲ್ಲ ಅಂದಿದ್ದಳು, ಸಂಜೆ ಹೊತ್ತಿಗೆ ಒಪ್ಪಿಕೊಂಡಿದ್ದಳು. ಅದನ್ನೇ ಈಗ ಉಮಾಶ್ರೀ ಎತ್ತಿ ಆಡಿದಳು. ಆಡಬಾರದ ಇನ್ನೂ ನಾಲ್ಕು ಮಾತು ಆಡಿದಳು. ಓದು ಬರಹ ಗೊತ್ತಿಲ್ಲದವರ ಕೈಗೆ ಮನೆ ಕೊಟ್ಟರೆ ಇನ್ನೇನಾಗುತ್ತದೆ ಎಂಬುದೂ ಅದರಲ್ಲಿ ಸೇರಿತ್ತು. ನಾಗವ್ವ ಏಳನೆಯ ಇಯತ್ತೆ ಓದಿದವಳು. ಆಮೇಲೆ ಉಮಾಶ್ರೀ ಗೋಡೆಗೆ ಒರಗಿ ಕೂತು ಅಳತೊಡಗಿದಳು. ಅವಳು ಅತ್ತದ್ದು ಸಿಟ್ಟಿಗಲ್ಲ, ಹೆದರಿ.

ನಾಗವ್ವ ಸ್ವಲ್ಪ ಹೊತ್ತು ಅವಳನ್ನು ನೋಡಿದಳು.

"ಆತು ಬಿಡವಾ," ಅಂದಳು. "ನಾನ ಹಚ್ಚಿರಬೇಕು. ಮುದುಕಿ, ನೆನಪ ಉಳಿಯಂಗಿಲ್ಲ. ತಪ್ಪಾತು. ನೀ ಅಳಬ್ಯಾಡ."

ಒಪ್ಪಿಕೊಂಡದ್ದು ಕಿವಿಗೆ ಬಿದ್ದದ್ದೇ ಉಮಾಶ್ರೀಗೆ ವಿಚಿತ್ರವಾದ ಧೈರ್ಯ ಬಂತು. ಕುಂಕುಮವಾದರೆ ತೆಗೆಯಬಹುದು. ತೆಗೆಯುವ ವಿದ್ಯೆ ತನಗೆ ಗೊತ್ತಿದೆ. ಕಣ್ಣೊರೆಸಿಕೊಂಡು, ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು ಕೂತಳು. ಮೊದಲು ಮೆತ್ತನೆಯ ಬ್ರಶ್ಶಿನಲ್ಲಿ ಗುಡಿಸಿ ನೋಡಿದಳು, ಒಂದು ಕಣವೂ ಏಳಲಿಲ್ಲ. ಕುಂಕುಮ ಇಷ್ಟು ಗಟ್ಟಿಯಾಗಿ ಹಿಡಿಯುತ್ತದೆಯೇ? ಎಣ್ಣೆಯಲ್ಲಿ ಕಲಸಿ ಹಚ್ಚಿದ್ದಾಳೆ, ಹೋಳಿಗೆ ತಟ್ಟುವ ಕೈಯಲ್ಲವೇ ಅಂದುಕೊಂಡಳು. ಕಲೆ ಚಿಕ್ಕದಾಗಿತ್ತು, ಸಣಕಲು ಬೆರಳಿನದು. ನಾಗವ್ವನ ಬೆರಳುಗಳಾದರೋ ಜೀವಮಾನವಿಡೀ ರೊಟ್ಟಿ ಬಡಿದು ದಪ್ಪಗಾದವು. ಅದೂ ಅವಳ ಕಣ್ಣಿಗೆ ಬಿತ್ತು. ಬಿದ್ದರೂ ಅವಳು ನಿಲ್ಲಲಿಲ್ಲ.

ಹತ್ತಿಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಸ್ಪಿರಿಟ್ಟಿನಲ್ಲಿ ಅದ್ದಿ ಒತ್ತಿದಳು. ಕೆಂಪು ಹತ್ತಿಗೆ ಬರತೊಡಗಿತು. ಒಂದು ಉಂಡೆ, ಎರಡು, ಏಳು, ಹನ್ನೊಂದು. ಪ್ರತಿ ಸಲ ಒತ್ತುವಾಗಲೂ ಕಾಗದ ಹರಿದರೆ ಎಂದು ಜೀವ ಬಾಯಿಗೆ ಬರುತ್ತಿತ್ತು. ಕಾಗದ ಹರಿಯಲಿಲ್ಲ. ಕೊನೆಗೆ ಉಳಿದದ್ದು ನಸುಗೆಂಪಿನ ಒಂದು ನೆರಳು. ಅದು ಏನು ಮಾಡಿದರೂ ಹೋಗಲಿಲ್ಲ. ಆಗ ಅವಳಿಗೆ ಹೊಳೆಯಿತು. ಈ ಹಾಳೆಯಲ್ಲಿ ಹೇಗೂ ಹತ್ತು ಕಡೆ ಬಿಳಿ ಬಣ್ಣ ಬಳಿದಿದೆ, ಹನ್ನೊಂದನೆಯದನ್ನು ಯಾರು ಕೇಳುತ್ತಾರೆ? ಬಿಳಿಗೆ ಚಹಾದ ಒಂದು ಹನಿ ಬೆರೆಸಿ, ಹಳೆಯದರ ಹಾಗೇ ಕಾಣುವಂತೆ ತೆಳ್ಳಗೆ ಬಳಿದಳು. ಒಣಗಿತು. ದೂರದಿಂದ ನೋಡಿದಳು, ಹತ್ತಿರದಿಂದ ನೋಡಿದಳು. ಕೈಚಳಕ ಅಂದರೆ ಕೈಚಳಕ, ಅದನ್ನು ಒಪ್ಪಲೇಬೇಕು.

ಶಿವಶರಣ ಸಾಂಟಾ ಕ್ಲಾರಾದಿಂದ ಬಾಳೆಲೆ, ಹಣ್ಣು ತಂದವನು ಸಂಗತಿಯೆಲ್ಲ ಕೇಳಿ, ಸರಿಹೋಯಿತಲ್ಲ, ಇನ್ನು ಯಾರ ಮುಂದೆಯೂ ಬಾಯಿಬಿಡಬೇಡ ಅಂದ. ಕಂಪ್ಯೂಟರ್ ಚಿಪ್ಪಿನ ಕಂಪನಿಯಲ್ಲಿ ಇಪ್ಪತ್ತು ವರ್ಷ ತಳ್ಳಿದವನ ಬುದ್ಧಿ ಅದು. ಊಟಕ್ಕೆ ಕೂತಾಗ ನಾಗವ್ವ ಎಂದಿನಂತೆ ಸೊಸೆಯ ಹೋಳಿಗೆಗೆ ತುಪ್ಪ ಹಾಕಿದಳು, ಕಣ್ಣೆತ್ತಿ ಮಾತ್ರ ನೋಡಲಿಲ್ಲ. ಊಟವಾದ ಮೇಲೆ ಉಮಾಶ್ರೀಯ ಕೋಣೆ ಗುಡಿಸಿ ಕಸದ ಬುಟ್ಟಿ ಎತ್ತಿಕೊಂಡು ಹೋದಳು. ತಪ್ಪಾಯಿತು ಎಂದು ಉಮಾಶ್ರೀಗೂ ಅನ್ನಿಸದೆ ಇರಲಿಲ್ಲ. ಆದರೆ ಅತ್ತೆಯೇ ಒಪ್ಪಿಕೊಂಡಿದ್ದಾಳಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಸೋಮವಾರ ಬೆಳಿಗ್ಗೆ ಲಕೋಟೆಯ ಮೇಲಿನ ಕುಂಕುಮ ಒರೆಸಿ, ಹಾಳೆಯನ್ನೂ ಚೀಟಿಯನ್ನೂ ಒಳಗಿಟ್ಟು, ಪಕ್ಕದ ಸೀಟಿನಲ್ಲಿ ಮಲಗಿಸಿ ಬೆಲ್ಟು ಹಾಕಿದಳು. ಫ್ರೀವೇಯಲ್ಲಿ ಬರ್ಕ್ಲಿ ಮುಟ್ಟಲು ಒಂದೂಕಾಲು ಗಂಟೆ ಹಿಡಿಯಿತು. ಲಾರಿಗಳ ನಡುವೆ ತೆವಳುತ್ತಿದ್ದಾಗ, ಒಣಗಿದ ಬಿಳಿ ಬಣ್ಣ ಬಿಸಿಲಿಗೆ ಬಿರುಕು ಬಿಟ್ಟರೆ ಎಂಬ ಹೊಸ ಹೆದರಿಕೆ ಹುಟ್ಟಿ ಲಕೋಟೆಯ ಮೇಲೆ ತನ್ನ ಜಾಕೆಟ್ಟು ಹೊದಿಸಿದಳು.

ಕಿನು ಅವರು ಆಗಲೇ ಬಂದು ಕೂತಿದ್ದರು. ಬೂದುಬಣ್ಣದ ಕೋಟು, ಗಂಡಸರಂತೆ ಕತ್ತರಿಸಿದ ಬಿಳಿ ಕೂದಲು, ಮಡಿಲಲ್ಲಿ ಕೈಚೀಲ. ಉಮಾಶ್ರೀಯನ್ನು ಕಂಡು ಎದ್ದು ತಲೆಬಾಗಿದರು. ಇವಳೂ ಬಾಗಿದಳು, ಬಾಗಿದವಳಿಗೆ ಮತ್ತೆ ತಲೆಯೆತ್ತಲು ಕಷ್ಟವಾಯಿತು. ದೊಡ್ಡ ಮೇಜಿನ ಸುತ್ತ ಎಲ್ಲರೂ ಸೇರಿದರು. ನಿರ್ದೇಶಕಿ ಎರಡು ಮಾತಾಡಿದಳು. ಕಿನು ಅವರು ತಾವೇ ದಾರ ಬಿಚ್ಚಿ ಹಾಳೆಯನ್ನು ಹೊರತೆಗೆದರು.

ಅವರು ಚಿತ್ರ ನೋಡಲಿಲ್ಲ. ಕಿಟಕಿ, ಹುಡುಗಿ, ಪರದೆ, ಯಾವುದನ್ನೂ ನೋಡಲಿಲ್ಲ. ನೇರವಾಗಿ ಬಲಗಡೆಯ ಕೆಳಮೂಲೆಗೆ ಹೋಯಿತು ಅವರ ಕಣ್ಣು.

ಕನ್ನಡಕ ತೆಗೆದು ಮುಖವನ್ನು ಹಾಳೆಯ ಹತ್ತಿರ ತಂದರು. ಬೆಳಕಿಗೆ ಓರೆಯಾಗಿ ಹಿಡಿದರು. ಹಿಂದುಮುಂದು ತಿರುಗಿಸಿದರು. ಆಮೇಲೆ ಅಣ್ಣನ ಮಗಳಿಗೆ ಏನನ್ನೋ ಮೆಲ್ಲಗೆ ಕೇಳಿದರು, ಅವಳೂ ಬಗ್ಗಿ ನೋಡಿದಳು, ಅವಳ ಮುಖ ಬಣ್ಣಗೆಟ್ಟಿತು.

"ಇಲ್ಲಿ ಒಂದು ಬೆರಳಚ್ಚು ಇತ್ತು," ಎಂದಳು ಅವಳು. "ಚೀಟಿಯಲ್ಲಿ ಬರೆದಿದ್ದರಲ್ಲ?"

ಅಣ್ಣನ ಮಗಳು ಚೀಟಿ ತೆಗೆದು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಓದಿದಳು. ಕಿನು ಅವರಿಗೆ ಸಾಯೊ ಎಂಬ ತಂಗಿಯಿದ್ದಳು. ಅಕ್ಕ ಮಸಿಯಲ್ಲಿ ಗೆರೆ ಎಳೆದ ಮೇಲೆ ಅಡಿಯ ಪೆನ್ಸಿಲ್ ಗೆರೆ ಅಳಿಸುವುದು, ಕಪ್ಪು ತುಂಬುವುದು ಅವಳ ಕೆಲಸ. ಪುಟ ಮುಗಿಯಿತೆಂದರೆ ಮನೆಯ ಮೊಹರಿನ ಕೆಂಪು ಮಸಿಯಲ್ಲಿ ಹೆಬ್ಬೆರಳು ಅದ್ದಿ ಮೂಲೆಯಲ್ಲಿ ಒತ್ತುತ್ತಿದ್ದಳು, ಇದರಲ್ಲಿ ನನ್ನದೂ ಪಾಲಿದೆ ಎಂದು ನಗುತ್ತಿದ್ದಳು. ಅಚ್ಚಿಗೆ ಹೋದ ಪುಟಗಳಲ್ಲೆಲ್ಲ ಸಂಪಾದಕರು ಆ ಗುರುತಿಗೆ ಬಿಳಿ ಬಳಿದುಬಿಟ್ಟರು. ಇದು ತಿರಸ್ಕೃತವಾದ ಪುಟ, ಆದ್ದರಿಂದ ಇದರಲ್ಲಿ ಉಳಿಯಿತು. ಸಾಯೊ ಹತ್ತೊಂಬತ್ತಕ್ಕೆ ತೀರಿಕೊಂಡಳು. ಅವಳ ಫೋಟೊ ಕೂಡ ಇಲ್ಲ. ಚಿತ್ರವನ್ನು ಆಮೇಲೆ ನೋಡು, ಮೊದಲು ನನ್ನ ತಂಗಿಯನ್ನು ನೋಡು, ಎಂದು ಚೀಟಿ ಮುಗಿದಿತ್ತು.

ನಿರ್ದೇಶಕಿ ಉಮಾಶ್ರೀಯ ಕಡೆ ತಿರುಗಿ, ನೀನು ತೆರೆದಾಗ ಅದು ಇತ್ತೇ ಎಂದು ಕೇಳಿದಳು. ಕೇಳಿದ ರೀತಿಯಲ್ಲೇ ಉತ್ತರವನ್ನೂ ಇಟ್ಟಿದ್ದಳು, ಇರಲಿಲ್ಲವೆಂದರೆ ನಂಬುತ್ತೇನೆ ಎಂಬಂತೆ. ಇರಲಿಲ್ಲ ಎನ್ನಬಹುದಿತ್ತು. ಅದಕ್ಕಿಂತ ಸುಲಭದ್ದು ಇನ್ನೊಂದಿತ್ತು. ನಮ್ಮ ಮನೆಯಲ್ಲಿ ಹಬ್ಬ, ಊರಿನಿಂದ ಬಂದ ವಯಸ್ಸಾದ ಅತ್ತೆ, ಏನೋ ಪೂಜೆ, ಪಾಪ ಅವರಿಗೇನು ಗೊತ್ತು. ಇಲ್ಲಿಯ ಜನ ಅದನ್ನು ಕೇಳಿ ತಲೆಯಾಡಿಸಿ ಕ್ಷಮಿಸಿಬಿಡುತ್ತಾರೆ. ಅತ್ತೆ ಒಪ್ಪಿಕೊಂಡೂ ಆಗಿದೆ. ಮಾತು ಉಮಾಶ್ರೀಯ ತುದಿನಾಲಿಗೆಗೆ ಬಂತು. ಬಂದ ಮಾತಿನ ಹಿಂದೆಯೇ, ಹಿಟ್ಟಿನ ಕೈಯಲ್ಲಿ ಹೊಸ್ತಿಲ ಮೇಲೆ ನಿಂತು ನಾ ನೋಡೇ ಇಲ್ಲವಾ ಎಂದು ಎರಡು ಸಲ ಹೇಳಿದ ಮುಖವೂ ಬಂತು. ಆ ಮುಖ ನಿಜ ಹೇಳುತ್ತಿತ್ತು. ಅದು ನಿಜ ಹೇಳುತ್ತಿದೆಯೆಂದು ನಿನ್ನೆಯೂ ಎಲ್ಲೋ ಒಳಗೆ ತನಗೆ ಗೊತ್ತಿತ್ತೇನೋ ಅನ್ನಿಸಿತು ಉಮಾಶ್ರೀಗೆ.

"ಇತ್ತು," ಅಂದಳು. "ನಾನೇ ಅಳಿಸಿದೆ."

ಉಳಿದದ್ದನ್ನೂ ಹೇಳಿದಳು. ಪೂಜೆ, ಕುಂಕುಮ, ಸ್ಪಿರಿಟ್ಟು, ಮೇಲೆ ಬಳಿದ ಬಿಳಿ, ಅದಕ್ಕೆ ಬೆರೆಸಿದ ಚಹಾ ಸಮೇತ. ಅತ್ತೆ ತಾನಲ್ಲವೆಂದದ್ದು, ತಾನು ಅವರ ಬಾಯಿಂದ ಹೌದು ಅನ್ನಿಸಿದ್ದು. ಯಾಕೆ ಮಾಡಿದೆ ಎಂದು ಯಾರೂ ಕೇಳುವ ಮೊದಲೇ, ಹೆದರಿಕೆಯಾಗಿತ್ತು, ಅಂದಳು. ಅಣ್ಣನ ಮಗಳು ವಾಕ್ಯ ವಾಕ್ಯವಾಗಿ ಜಪಾನಿಗೆ ತಿರುಗಿಸುತ್ತಿದ್ದಳು. ಕೊನೆಯ ವಾಕ್ಯವೂ ಮುಗಿಯಿತು.

ಕಿನು ಅವರು ಅಲುಗಲಿಲ್ಲ. ಹಾಳೆಯ ಅಂಚು ಹಿಡಿದ ಬೆರಳು ಅಲುಗಲಿಲ್ಲ, ರೆಪ್ಪೆ ಅಲುಗಲಿಲ್ಲ. ಮೂರು ವರ್ಷಗಳಿಂದ ಉಮಾಶ್ರೀ ಇದೇ ನಿಶ್ಚಲತೆಯನ್ನು ಪರದೆಯ ಮೇಲೆ ತರಲು ಹೆಣಗಾಡಿದ್ದಳು, ಇಂಥ ಕಡೆ ಎಷ್ಟು ಕ್ಷಣ ನಿಲ್ಲಿಸಬೇಕೆಂದು ಜಗಳವಾಡಿದ್ದಳು. ಈಗ ಎದುರಿಗೆ ಅದೇ ಕೂತಿದ್ದಾಗ ತಿಳಿಯಿತು, ಅದರಲ್ಲಿ ಸೌಂದರ್ಯಕ್ಕಿಂತ ಭಯವೇ ಹೆಚ್ಚಿತ್ತು. ಮುಂದೆ ಏನಾಗುತ್ತದೆಯೆಂದು ಗೊತ್ತಿಲ್ಲದೆ ಕಾಯುವ ಭಯ. ಮೊದಲು ಅಲುಗಿದ್ದು ಮೇಜಿನ ಮೇಲಿನ ಚೀಟಿ. ಯಾರೋ ಬಾಗಿಲು ತೆರೆದಿರಬೇಕು.

ಕಿನು ಅವರು ಒಂದು ಸಣ್ಣ ಪ್ರಶ್ನೆ ಕೇಳಿದರು. ಅಣ್ಣನ ಮಗಳು ತಿರುಗಿಸಿ ಹೇಳಲು ತಡಮಾಡಿದಳು.

"ಒರೆಸಿದ ಹತ್ತಿ ಎಲ್ಲಿದೆ, ಅಂತ ಕೇಳುತ್ತಿದ್ದಾರೆ."

ಕಸದ ಬುಟ್ಟಿಗೆ ಹಾಕಿದ್ದಳು. ಎವರ್‌ಗ್ರೀನಿನಲ್ಲಿ ಕಸದ ಲಾರಿ ಸೋಮವಾರ ಬೆಳಿಗ್ಗೆ ಬರುತ್ತದೆ. ಆಗಲೇ ಹತ್ತೂವರೆ. ಉಮಾಶ್ರೀ ಅಲ್ಲಿಯೇ, ಎಲ್ಲರ ಎದುರೇ, ಮನೆಗೆ ಫೋನು ಹಚ್ಚಿದಳು. ನಾಲ್ಕು ಸಲ ರಿಂಗಾಯಿತು. ಐದನೆಯದಕ್ಕೆ ನಾಗವ್ವ ಎತ್ತಿದಳು.

"ಅತ್ತೀ, ನಿನ್ನೆ ನನ್ನ ಖೋಲಿಯೊಳಗಿನ ಕಸಾ ಏನ ಮಾಡಿದ್ರಿ? ಅದರಾಗ ಕೆಂಪು ಹತ್ತಿ ಇದ್ದವು."

"ಅವನ್ನ ಕಸಕ್ಕ ಹಾಕಿಲ್ಲವಾ. ಒಂದೂ ಬಿಡದಂಗ ಆರಿಸಿ, ಬೆಳ್ಳಿ ಬಟ್ಟಲದಾಗ ಹಾಕಿ ದೇವರ ಮುಂದ ಇಟ್ಟೀನಿ."

"ಕುಂಕುಮ ಅಂತನ?"

"ಕುಂಕುಮ ಅಲ್ಲಂತ ನನಗ ಗೊತ್ತಿತ್ತಲ್ಲ. ನಾ ಹಚ್ಚಿಲ್ಲ. ನಾ ಹಚ್ಚಿಲ್ಲ ಅಂದ್ರ ಮತ್ಯಾರೋ ಹಚ್ಚಿದ್ದು ಅದು. ಬೆರಳ ಊರಿ ಹಚ್ಯಾರ ಅಂದಮ್ಯಾಲ ಸುಮ್ಮನ ಹಚ್ಚಿರೂದಿಲ್ಲ. ಅದಕ್ಕ ಒಗೀಲಿಲ್ಲ."

ಉಮಾಶ್ರೀ ಫೋನು ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿದಳು.

"ಮತ್ತ ನಿನ್ನೆ ಯಾಕ ಒಪ್ಪಿಕೊಂಡ್ರಿ?"

"ನೀ ಭಾಳ ಅಂಜಿದ್ದೆಲ್ಲವಾ," ಅಂದಳು ನಾಗವ್ವ.

ಫೋನು ಇಟ್ಟಮೇಲೆ ಎಲ್ಲರೂ ಇವಳನ್ನೇ ನೋಡುತ್ತಿದ್ದರು. ಹತ್ತಿ ಇದೆ ಎಂದು ಮೊದಲು ಹೇಳಿದಳು. ಅತ್ತೆ ಏನಂದರೆಂದು ಅಣ್ಣನ ಮಗಳು ಕೇಳಿದಳು. ಉಮಾಶ್ರೀ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಮೂರು ಸಲ ಶುರುಮಾಡಿ ಮೂರು ಸಲ ನಿಲ್ಲಿಸಿದಳು, ನಾಲ್ಕನೆಯ ಸಲ ಹೇಗೋ ಮುಗಿಸಿದಳು. ಕಿನು ಅವರು ಕೊನೆಯವರೆಗೂ ಕೇಳಿಸಿಕೊಂಡರು. ಪರವಾಗಿಲ್ಲ ಎಂದು ಅವರ ಬಾಯಿಂದ ಬರಲಿಲ್ಲ. ಹಾಳೆಯ ಮೂಲೆಯಲ್ಲಿ ಇವಳು ಬಳಿದ ಬಿಳಿಯನ್ನು ಒಮ್ಮೆ ಉಗುರಿನ ತುದಿಯಿಂದ ಮುಟ್ಟಿ, ಸಂಪಾದಕರಿಗಿಂತ ನೀನು ಚೆನ್ನಾಗಿ ಬಳಿದಿದ್ದೀಯ, ಎಂದು ಮಾತ್ರ ಹೇಳಿದರು. ಉಮಾಶ್ರೀ ಅದನ್ನು ಬದುಕಿರುವವರೆಗೂ ಮರೆಯುವಂತಿಲ್ಲ.

ಆಮೇಲೆ ಅವರು ಹಾಳೆಯನ್ನು ಲಕೋಟೆಗೆ ಸೇರಿಸಿ, ದಾರ ಸುತ್ತಿ, ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಆ ಮನೆ ಎಷ್ಟು ದೂರ ಎಂದು ಕೇಳಿದರು. ಕೆಲಸ ಉಳಿಯಿತೋ ಹೋಯಿತೋ ನಿರ್ದೇಶಕಿಯ ಮುಖದಲ್ಲಿ ಕಾಣಲಿಲ್ಲ, ಉಮಾಶ್ರೀ ಹುಡುಕಲೂ ಇಲ್ಲ.

ಮತ್ತೆ ಅದೇ ಫ್ರೀವೇ, ಅದೇ ಲಾರಿಗಳು. ಹಿಂದಿನ ಸೀಟಿನಲ್ಲಿ ಕಿನು ಅವರು ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಮನೆಯಲ್ಲಿ ನಾಗವ್ವ ಬಾಗಲಕೋಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದ ಒಣ ಬನ್ನಿ ಎಲೆಗಳನ್ನು ತಟ್ಟೆಯಲ್ಲಿ ಹರ‍ವಿಟ್ಟಿರುತ್ತಾಳೆ. ಇವತ್ತು ಕಿರಿಯರು ಹಿರಿಯರ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು, ವರ್ಷದ ಮುನಿಸೆಲ್ಲ ಅಲ್ಲಿಗೆ ಮುಗಿಯಬೇಕು. ನಿನ್ನೆಯಿಂದ ಉಮಾಶ್ರೀ ಏನೇನಕ್ಕೋ ಹೆದರಿದ್ದಳು. ಕೆಲಸಕ್ಕೆ, ಹೆಸರಿಗೆ, ಕಿನು ಅವರ ಕಣ್ಣಿಗೆ. ಸ್ಯಾನ್ ಹೊಸೆ ಹತ್ತಿರವಾದಂತೆ ಅವೆಲ್ಲ ಹಿಂದೆ ಉಳಿದವು. ಈಗ ಅವಳು ಹೆದರುತ್ತಿದ್ದದ್ದು, ಬಾಗಿಲು ತೆರೆಯುವ ನಾಗವ್ವ ತನ್ನನ್ನು ನೋಡಿ ನಿನ್ನೆಯ ಹಾಗೇ, ಏನೂ ಆಗಿಲ್ಲವೆಂಬಂತೆ, ಬಾ ಯವ್ವಾ ಉಣ್ಣು ಎಂದುಬಿಡುತ್ತಾಳಲ್ಲ ಎಂದು.